ತಟ್ಟೆ ಹಿಡಿದು ಹನ್ನೆರಡು ಹೆಜ್ಜೆ

ಹರಿಣಾಕ್ಷಿಯ ಸೀರೆಗಳೆಲ್ಲ ಒಂದೇ ಜಾಗದಲ್ಲಿ ಸವೆಯುತ್ತಿದ್ದವು. ಊರಿನ ಬೇರೆ ಹೆಂಗಸರ ಸೀರೆ ಅಂಚಿನಲ್ಲೋ ಸೆರಗಿನಲ್ಲೋ ಹರಿದರೆ ಇವಳದ್ದು ಎಡತೊಡೆಯ ಮೇಲೆ, ಮೊಣಕಾಲಿನಿಂದ ಒಂದು ಗೇಣು ಮೇಲಕ್ಕೆ, ಸರಿಯಾಗಿ ಅಂಗೈಯಗಲ ತೆಳ್ಳಗಾಗುತ್ತಿತ್ತು. ಎರಡು ವರ್ಷದವಳಿದ್ದಾಗ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಜ್ವರ ಇಳಿಯಿತು, ಇಳಿಯುವಾಗ ಎಡತೊಡೆಯ ಮುಂಭಾಗದ ಬಲವನ್ನೂ ಕಟ್ಟಿಕೊಂಡು ಹೋಯಿತು. ಅಲ್ಲಿಂದ ಅವಳ ನಡಿಗೆ ಎಂದರೆ ಹೀಗೆ: ಎಡಗಾಲು ನೆಲಕ್ಕಿಡುವಾಗ ಎಡಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಬೇಕು. ಒತ್ತಿದರೆ ಮೊಣಕಾಲು ನೆಟ್ಟಗೆ ನಿಲ್ಲುತ್ತದೆ, ಒತ್ತದಿದ್ದರೆ ಮಡಚಿ ಅವಳನ್ನು ನೆಲಕ್ಕೆ ಕೂರಿಸುತ್ತದೆ. ಇಪ್ಪತ್ತನಾಲ್ಕು ವರ್ಷ ಹೀಗೇ ಒತ್ತಿ ಒತ್ತಿ ನಡೆದಳು.

ಇದರ ಕಷ್ಟ ಎರಡೂ ಕಾಲು ಸರಿ ಇದ್ದವರಿಗೆ ತಿಳಿಯುವುದಿಲ್ಲ. ಅವರಿಗೆ ಕಾಣುವುದು ಕುಂಟು ಮಾತ್ರ. ಕುಂಟು ಅಷ್ಟೇನೂ ದೊಡ್ಡ ಸಂಗತಿಯಲ್ಲ. ಒಂದು ಕೈ ಪೂರ್ತಿ ಕಾಲಿನ ಚಾಕರಿಗೆ ಹೋಯಿತಲ್ಲ, ಅದು ದೊಡ್ಡ ಸಂಗತಿ. ಕೊಡೆ ಹಿಡಿದರೆ ಚೀಲ ಹಿಡಿಯುವ ಹಾಗಿಲ್ಲ. ಅತ್ತಿಗೆ ಮೋಹಿನಿಯ ಮಗು ಅತ್ತರೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿ ಸಮಾಧಾನ ಮಾಡುವ ಹಾಗಿಲ್ಲ. ಕೂತಲ್ಲಿಗೇ ತಂದು ಮಡಿಲಲ್ಲಿ ಹಾಕಬೇಕು. ಹಾಗಾಗಿ ಅವಳು ಕೂತೇ ಮಾಡುವ ಕೆಲಸ ಹಿಡಿದಳು. ಅವಳ ಊರಾದ ಕೆದಂಬಾಡಿಯ ಅರ್ಧಕ್ಕರ್ಧ ಹೆಂಗಸರ ರವಿಕೆ ಅವಳು ಬಲಗಾಲೊಂದರಲ್ಲೇ ಮೆಟ್ಟುವ ಹೊಲಿಗೆ ಮೆಶಿನಿನಿಂದ ಹೊರಬಂದದ್ದು. ಮದುವಣಗಿತ್ತಿಯರ ರವಿಕೆ ಕೂಡ. ಅಳತೆ ಕೊಡಲು ಬಂದವರು ಊರಿನ ಎಲ್ಲ ಹುಡುಗಿಯರ ಮದುವೆಯ ಸುದ್ದಿ ಮಾತಾಡುತ್ತಿದ್ದರು, ನಿನ್ನದು ಯಾವಾಗ ಎಂದು ಮಾತ್ರ ಅವಳನ್ನು ಕೇಳುತ್ತಿರಲಿಲ್ಲ. ಕೇಳದೇ ಇರುವುದು ಮರ್ಯಾದೆ ಎಂದು ಅವರು ತಿಳಿದಿದ್ದರು. ಆ ಮರ್ಯಾದೆ ಅವಳ ಹೊಟ್ಟೆ ಉರಿಸುತ್ತಿತ್ತು. ಅವಳಿಗೂ ಒಂದು ಮನೆ ಬೇಕಿತ್ತು, ತನ್ನದೇ ಒಂದು ಒಲೆ ಬೇಕಿತ್ತು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ರೇಗುವ ಒಬ್ಬ ಗಂಡ ಬೇಕಿತ್ತು. ಇದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಬ್ಬಳ ಹತ್ತಿರ ಮಾತ್ರ, ತನಗಿಂತ ಐದು ವರ್ಷ ಸಣ್ಣವಳಾದ ತಂಗಿ ಸುಂದರಿಯ ಹತ್ತಿರ.

ಅಣ್ಣ ಮಹಾಬಲ ರೈಗೆ ಕುಂಬ್ರದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಮನೆಗೆ ಅವನೇ ಯಜಮಾನ. ಅವನನ್ನು ಹರಿಣಾಕ್ಷಿ ನಂಬಿದಷ್ಟು ಜನ ದೈವವನ್ನೂ ನಂಬುವುದಿಲ್ಲ. ನಂಬದೆ ಏನು ಮಾಡುವುದು? ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಮುಟ್ಟಿಸಿದವನು ಅವನು. ಕುಂಟಿ ಎಂದು ಕೂಗಿದ ಹುಡುಗನ ಹಲ್ಲು ಅಲ್ಲಾಡಿಸಿ, ಅದಕ್ಕೆ ಮೇಷ್ಟ್ರಿಂದ ಪೆಟ್ಟು ತಿಂದು, ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತದವನು.

ಎಂಬತ್ತೊಂದರ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಒಂದು ಸಂಜೆ ಮಹಾಬಲ ಅಂಗಡಿಯಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಅವಳ ಮೆಶಿನಿನ ಹತ್ತಿರ ನಿಂತ.

“ಕಡಬದ ಒಂದು ಮನೆಯವರು ಸಂಬಂಧ ಕೇಳಿದ್ದಾರೆ,” ಎಂದ. “ಹುಡುಗನ ಹೆಸರು ಪ್ರೇಮನಾಥ. ಸೊಸೈಟಿಯಲ್ಲಿ ಗುಮಾಸ್ತ. ಒಳ್ಳೆ ಜನ. ಆದರೆ ಅಲ್ಲಿ ಒಬ್ಬರು ಅಜ್ಜಿ ಉಂಟು. ಅವರಿಗೆ ಈ ಕಾಲಿನ ಸಂಗತಿ ಆಗುದಿಲ್ಲ.”

ಹರಿಣಾಕ್ಷಿಯ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು. ಬಟ್ಟೆಯಿಂದ ಕಣ್ಣೆತ್ತದೆ ಅವಳು, “ಆಗದಿದ್ದರೆ ಎಂತ ಮಾಡುದು ಅಣ್ಣ? ಬೇರೆ ಕಾಲು ಎಲ್ಲಿಂದ ತರುದು?” ಎಂದಳು.

“ಬೇರೆ ಬೇಡ. ಇದರಲ್ಲೇ ನಡೆದರೆ ಸಾಕು, ಕೈ ಊರದೆ. ನಮ್ಮ ಮಿಲಿಟ್ರಿ ತ್ಯಾಂಪಣ್ಣ ಕಲಿಸ್ತೇನೆ ಹೇಳಿದ್ದಾನೆ. ಅಡಿಗೆಮನೆಯಿಂದ ಚಾವಡಿಗೆ ತಟ್ಟೆ ತಂದು ಬಂದವರಿಗೆ ಬೆಲ್ಲ ನೀರು ಕೊಡ್ಬೇಕು, ಅಷ್ಟೇ. ಅಷ್ಟು ನೀನು ಮಾಡು ಹರಿಣ. ಉಳಿದದ್ದು ನನಗೆ ಬಿಡು.”

ಆ ಅಜ್ಜಿಯ ಹೆದರಿಕೆ ಏನೆಂದು ಅವನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅವರ ಜನದಲ್ಲಿ ಬಳಿ, ಅಂದರೆ ಕುಲ, ಇಳಿಯುವುದು ತಾಯಿಯಿಂದ. ಹೆಣ್ಣಿನಿಂದ ಹೆಣ್ಣಿಗೆ ಬಳಿ ಇಳಿಯುವುದಾದರೆ ಹೆಣ್ಣಿನ ಐಬೂ ಅದರ ಜೊತೆಗೇ ಇಳಿಯಬೇಕಲ್ಲ ಎಂಬುದು ಹಳೆ ತಲೆಗಳ ತರ್ಕ. ಗಂಡಿನ ಕಾಲು ಕುಂಟಾದರೆ ಅದು ಅವನೊಬ್ಬನ ಕುಂಟು. ಹೆಣ್ಣಿನ ಕಾಲು ಕುಂಟಾದರೆ ಬಳಿಯೇ ಕುಂಟು. ಅದು ಜ್ವರದಿಂದ ಬಂದದ್ದು ಮಾರಾಯ್ರೆ, ಜ್ವರಕ್ಕೆ ಯಾರ ಬಳಿಯೂ ಗೊತ್ತಿಲ್ಲ ಎಂದು ಪುತ್ತೂರಿನ ಡಾಕ್ಟರು ನೂರು ಸಲ ಹೇಳಿದರೂ ಆ ತಲೆಗಳಿಗೆ ಹತ್ತುವುದಿಲ್ಲ. ಹತ್ತದಿದ್ದರೆ ಬೇಡ, ಎಂದುಕೊಂಡಳು ಹರಿಣಾಕ್ಷಿ. ಅಜ್ಜಿಯ ತಲೆ ಸರಿ ಮಾಡುವುದಕ್ಕಿಂತ ತನ್ನ ಕಾಲು ಸರಿ ಮಾಡುವುದು ಸುಲಭ ಎಂದು ಅವಳಿಗೆ ತೋರಿತು.

ತ್ಯಾಂಪಣ್ಣ ಹದಿನೆಂಟು ವರ್ಷ ಸೈನ್ಯದಲ್ಲಿದ್ದವನು. ಬಂದೂಕು ಹಿಡಿದದ್ದು ಕಡಿಮೆ. ಪುಣೆಯ ಕಡೆ ಒಂದು ಮಿಲಿಟ್ರಿ ಆಸ್ಪತ್ರೆಯಲ್ಲಿ ಕಾಲು ಕಳಕೊಂಡ ಸಿಪಾಯಿಗಳಿಗೆ ಪುನಃ ನಡೆಯಲು ಕಲಿಸುವ ಕೆಲಸ. ಈಗ ಕುಂಬ್ರದ ಹತ್ತಿರ ಒಂಟಿಯಾಗಿದ್ದ. ಮೂಗಿನ ತುದಿಯಲ್ಲಿ ಸಿಟ್ಟು, ಬಾಯಲ್ಲಿ ಎಲೆಯಡಿಕೆ. ಆದಿತ್ಯವಾರ ಬೆಳಿಗ್ಗೆ ಮಹಾಬಲ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ ಕರೆದುಕೊಂಡು ಹೋದಾಗ ತ್ಯಾಂಪಣ್ಣ ಜಗಲಿಯಲ್ಲಿ ಅಡಿಕೆ ಮರದ ಸಲಾಕೆಯ ತುಂಡುಗಳನ್ನು ಇಟ್ಟುಕೊಂಡು ಕಾಯುತ್ತಿದ್ದ.

“ನಡೆಯುದು ಅಂದರೆ ಎಂತ, ಹೇಳು ನೋಡುವ.”

“ಕಾಲು ಎತ್ತಿ ಇಡುದು ಮಾವ.”

“ಅಲ್ಲ. ಬೀಳುದು,” ಎಂದ ತ್ಯಾಂಪಣ್ಣ. “ಮನುಷ್ಯ ಮುಂದಕ್ಕೆ ಬೀಳ್ತಾನೆ. ನೆಲಕ್ಕೆ ಮುಟ್ಟುವ ಮೊದಲು ಒಂದು ಕಾಲು ಅಡ್ಡ ಇಡ್ತಾನೆ. ಪುನಃ ಬೀಳ್ತಾನೆ, ಪುನಃ ಇಡ್ತಾನೆ. ನಾವೆಲ್ಲ ದಿನವಿಡೀ ಬೀಳುವವರೇ. ನಿನಗೆ ಅದು ಗೊತ್ತುಂಟು, ನಮಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ.”

ಸಲಾಕೆಯ ಒಂದು ಉದ್ದ ತುಂಡು ತೊಡೆ, ಇನ್ನೊಂದು ಮೊಣಕಾಲಿನ ಕೆಳಗಿನ ಕಾಲು, ಒಂದು ಗಿಡ್ಡ ತುಂಡು ಪಾದ. ನಡುವೆ ಬೋಲ್ಟು ಹಾಕಿ ಜೋಡಿಸಿದ್ದ. ಆ ಬೋಲ್ಟುಗಳೇ ಕೀಲು. ಮಹಾಬಲನ ಅಂಗಡಿಯ ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಮುಂದೆ ಹಿಂದೆ ಮೊಳೆ ಹೊಡೆದು ಬಿಗಿದಿದ್ದ, ಅವು ಮಾಂಸಖಂಡ. “ಮಾಂಸಖಂಡಕ್ಕೆ ಎಳೆಯಲಿಕ್ಕೆ ಮಾತ್ರ ಗೊತ್ತು, ತಳ್ಳಲಿಕ್ಕೆ ಗೊತ್ತಿಲ್ಲ. ಅದಕ್ಕೇ ಕೀಲಿನ ಎದುರು ಒಂದು, ಹಿಂದೆ ಒಂದು. ಒಂದು ಎಳೆಯುವಾಗ ಇನ್ನೊಂದು ಬಿಟ್ಟುಕೊಡ್ಬೇಕು. ಇಬ್ಬರೂ ಎಳೆದರೆ ನಿಂತಲ್ಲೇ ಬಾಕಿ,” ಎನ್ನುತ್ತಾ ಬ್ಲೇಡು ತೆಗೆದು ತೊಡೆಯ ಮುಂದಿನ ಟ್ಯೂಬನ್ನು ಕತ್ತರಿಸಿದ. ಮರದ ಕಾಲು ಪಟ್ಟನೆ ಮಡಚಿ ಬಿತ್ತು. ಹರಿಣಾಕ್ಷಿಗೆ ತನ್ನ ಕಾಲನ್ನೇ ಯಾರೋ ಜಗಲಿಯಲ್ಲಿ ಎಸೆದಂತಾಯಿತು, ಮುಖ ಆಚೆ ತಿರುಗಿಸಿದಳು.

“ಈಚೆ ನೋಡು,” ಎಂದು ಗದರಿದ ತ್ಯಾಂಪಣ್ಣ. ಪಾದದ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಸೊಂಟದ ಹಿಂದಿನಿಂದ ತೊಡೆಗೆ ಬರುವ ಟ್ಯೂಬನ್ನು ಎಳೆದು ತೊಡೆಯನ್ನು ಹಿಂದಕ್ಕೆ ತಂದ, ಹಿಮ್ಮಡಿಯಿಂದ ಮೀನಖಂಡಕ್ಕೆ ಹೋಗುವ ಟ್ಯೂಬನ್ನು ಬಿಗಿ ಮಾಡಿ ಕೆಳಗಿನ ಕಾಲು ಮುಂದಕ್ಕೆ ಹೋಗದ ಹಾಗೆ ತಡೆದ. ಯಾರೂ ಮುಟ್ಟದೆ ಮಧ್ಯದ ಮೊಣಕಾಲು ತಾನಾಗಿ ನೆಟ್ಟಗೆ ನಿಂತಿತು. “ಕಂಡಿತಾ? ಮುಂದಿನದ್ದು ಸತ್ತಿದೆ, ಆದರೂ ನಿಂತಿತು. ಮೇಲಿನ ಕೀಲು, ಕೆಳಗಿನ ಕೀಲು ಇಬ್ಬರೂ ಸೇರಿ ಮಧ್ಯದವನನ್ನು ನಿಲ್ಲಿಸಿದರು. ನಿನ್ನ ಸೊಂಟದ ಹಿಂದೆ ಬಲ ಉಂಟು, ಮೀನಖಂಡದಲ್ಲೂ ಉಂಟು. ಇಷ್ಟು ವರ್ಷ ಅವಕ್ಕೆ ಕೆಲಸವೇ ಕೊಡದೆ ಎಲ್ಲ ಕೈಯಲ್ಲಿ ಮಾಡಿಸಿದಿ. ಇನ್ನು ಮೈಯನ್ನು ಒಂದು ಚೂರು ಎದುರಿಗೆ ಬಾಗಿಸ್ಬೇಕು. ಭಾರ ಮೊಣಕಾಲಿನ ಮುಂದಿನಿಂದ ಇಳಿದರೆ ಕೀಲು ಹಿಂದಕ್ಕೆ ಒತ್ತಿ ಬೀಗ ಹಾಕ್ತದೆ. ಹಿಂದಿನಿಂದ ಇಳಿದರೆ ಬೀಗ ತೆಗೀತದೆ, ನೀನು ನೆಲದಲ್ಲಿ.”

ಹೇಳುವುದು ಸುಲಭ. ಮೊದಲಿನ ಎರಡು ತಿಂಗಳು ಹರಿಣಾಕ್ಷಿ ನೆಲದಲ್ಲೇ ಇದ್ದಳು. ಆದಿತ್ಯವಾರ ತ್ಯಾಂಪಣ್ಣನ ಜಗಲಿಯಲ್ಲಿ ಬೀಳುವುದು, ಉಳಿದ ಆರು ದಿನ ಮನೆಯ ಕಾವಿ ನೆಲದಲ್ಲಿ ಬೀಳುವುದು. ಮೊಣಕೈ ತರಚಿತು, ಬಲಮಂಡಿ ಬಾತಿತು, ಎಡಗೈ ಮಾತ್ರ ಹೇಳಿದ್ದು ಕೇಳಲಿಲ್ಲ. ಕಾಲು ಮುಂದೆ ಹೋಯಿತೆಂದರೆ ಅದು ತನ್ನಷ್ಟಕ್ಕೆ ತೊಡೆಗೆ ಓಡುತ್ತಿತ್ತು. ಕೊನೆಗೆ ತ್ಯಾಂಪಣ್ಣ ಅವಳ ಎರಡೂ ಕೈಗೆ ನೀರು ತುಂಬಿದ ತಟ್ಟೆ ಕೊಟ್ಟು, ನೀರು ಚೆಲ್ಲಿದರೆ ಇವತ್ತಿನ ಪಾಠ ಇಲ್ಲ ಎಂದ. ಕೈ ಬೀಸದೆ ನಡೆಯುವುದು ಇನ್ನೊಂದು ಕಷ್ಟ. ಬಲಗಾಲು ಮುಂದೆ ಹೋಗುವಾಗ ಎಡಗೈ ಬೀಸಿ ಮೈಯ ತೂಕ ಸರಿ ಮಾಡುವುದು ಮನುಷ್ಯನ ಸ್ವಭಾವ. ತಟ್ಟೆ ಹಿಡಿದವಳಿಗೆ ಅದಿಲ್ಲ, ಆ ತೂಕವನ್ನೂ ಸೊಂಟವೇ ತಡೆಯಬೇಕು.

ಮಕರ ಸಂಕ್ರಾಂತಿ ಕಳೆದ ಆದಿತ್ಯವಾರ ಅವಳು ತ್ಯಾಂಪಣ್ಣನ ಜಗಲಿಯಲ್ಲಿ ತಟ್ಟೆ ಹಿಡಿದು ಮೂರು ಹೆಜ್ಜೆ ನಡೆದಳು. ಮೂರೇ. ಹಿಮ್ಮಡಿ ಊರಿತು, ಮೈ ಬಾಗಿತು, ಸೊಂಟದ ಹಿಂದೆ ಏನೋ ಬಿಗಿಯಿತು, ಮೊಣಕಾಲಿಗೆ ಟಕ್ಕೆಂದು ಬೀಗ ಬಿತ್ತು, ಅವಳು ಬೀಳಲಿಲ್ಲ. ಅಂಗಳದಲ್ಲಿ ನಿಂತಿದ್ದ ಮಹಾಬಲ ಸೈಕಲ್ ಒರೆಸುವ ಎಣ್ಣೆಬಟ್ಟೆಯಿಂದ ಕಣ್ಣು ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು. ಅದನ್ನು ನೋಡಿ ಅವಳು ನಕ್ಕಳು, ನಗುತ್ತಾ ಅತ್ತಳು.

ಆಮೇಲೆ ಮನೆಮಂದಿಗೆಲ್ಲ ಅದೇ ಗುಂಗು. ಅಡಿಗೆಮನೆಯ ಬಾಗಿಲಿನಿಂದ ಚಾವಡಿಯ ಬೆಂ‌ಚಿನವರೆಗೆ ಎಷ್ಟು ದೂರ ಎಂದು ಸುಂದರಿ ಅಕ್ಕನ ಹೆಜ್ಜೆಯ ಅಳತೆಯಲ್ಲೇ ಎಣಿಸಿದಳು. ಹನ್ನೆರಡು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹನ್ನೆರಡು ಕಡೆ ಗೀರಿದಳು. ದಿನಾ ಸ್ನಾನಕ್ಕೆ ಮೊದಲು ಅಕ್ಕನ ಕಾಲಿಗೆ ಎಣ್ಣೆ ತಿಕ್ಕುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಚಾವಡಿಯ ಹೊಸ್ತಿಲು ಒಂದು ದೊಡ್ಡ ತಕರಾರು ಮಾಡುತ್ತಿತ್ತು. ಅದನ್ನು ದಾಟಲು ಎಡಗಾಲನ್ನು ಎತ್ತಿದರೆ ಮಡಚಿದ ಕಾಲು ಇಳಿಸುವಾಗ ನೆಟ್ಟಗಾಗುತ್ತಿರಲಿಲ್ಲ. ಮಹಾಬಲ ಒಂದು ದಿನ ಬಡಗಿಯನ್ನು ಕರೆತಂದು ಗೆದ್ದಲು ಹಿಡಿದಿದೆ ಎಂದು ಹೊಸ್ತಿಲನ್ನೇ ಕೀಳಿಸಿ, ನೆಲ ಸಮ ಮಾಡಿ ಕಾವಿ ಬಳಿಸಿದ. ಅಜ್ಜನ ಕಾಲದ ಹಲಸಿನ ಹೊಸ್ತಿಲು, ಗೆದ್ದಲಿನ ಗುರುತೇ ಅದರಲ್ಲಿರಲಿಲ್ಲ. ನನಗೋಸ್ಕರ ಅಣ್ಣ ಮನೆಯ ಹೊಸ್ತಿಲನ್ನೇ ತೆಗೆಸಿದ ಎಂದು ಹರಿಣಾಕ್ಷಿ ಸುಂದರಿಯ ಹತ್ತಿರ ಹೇಳಿಕೊಂಡಳು. ಸುಂದರಿ ತಲೆ ಬಗ್ಗಿಸಿ ಎಣ್ಣೆ ತಿಕ್ಕುತ್ತಲೇ ಇದ್ದಳು.

ಮಾರ್ಚಿನ ಕೊನೆಗೆ ಹನ್ನೆರಡು ಹೆಜ್ಜೆ ಪೂರ್ತಿಯಾಯಿತು. ತ್ಯಾಂಪಣ್ಣನಿಗೆ ಅದು ಸಾಲಲಿಲ್ಲ.

“ಇದು ಎದುರಿಗೆ ಹೋಗುದು ಮಾತ್ರ,” ಎಂದ ಮಹಾಬಲನ ಹತ್ತಿರ. “ತಿರುಗುದು ಕಲೀಲಿಲ್ಲ. ಇಳಿಜಾರು, ಮೆಟ್ಟಿಲು ಬಾಕಿ ಉಂಟು. ಮುಖ್ಯವಾದ್ದು ಕೂತಲ್ಲಿಂದ ಏಳುದು. ಇನ್ನು ಮೂರು ತಿಂಗಳು ಬೇಕು.”

“ಅದೆಲ್ಲ ಈಗ ಬೇಡ ತ್ಯಾಂಪಣ್ಣ. ತಟ್ಟೆ ಕೊಟ್ಟು ಕುರ್ಚಿಯಲ್ಲಿ ಕೂತರೆ ಆಯಿತು. ಅವರು ಏಪ್ರಿಲಿನಲ್ಲಿ ಬಿಸು ಹಬ್ಬ ಕಳೆದ ಆದಿತ್ಯವಾರ ಬರ್ತಾರೆ.”

“ಅವರು ಹೋದ ಮೇಲೆ ಇವಳು ಕುರ್ಚಿಯಲ್ಲೇ ಇರ್ತಾಳಾ?” ತ್ಯಾಂಪಣ್ಣನ ಮೂಗು ಕೆಂಪಾಯಿತು. “ಏಳಲಿಕ್ಕೆ ಕಲಿಸದೆ ಬಿಟ್ಟರೆ ಅದು ಅರ್ಧ ಕಾಲು ಮಾರಾಯ. ಯಾರ ನಡಿಗೆಯನ್ನು ಹನ್ನೆರಡು ಹೆಜ್ಜೆ ಅಂತ ಅಳತೆ ಮಾಡಿ ಹೊಲಿಸ್ತಾರೆ?”

ಮಹಾಬಲ ನಕ್ಕು ಅವಳನ್ನು ಸೈಕಲ್ಲಿಗೆ ಹತ್ತಿಸಿದ. ಮದುವೆಯಾದ ಮೇಲೆ ಉಳಿದದ್ದನ್ನು ಕಲಿತರಾಯಿತು, ಕಡಬದಿಂದ ಕುಂಬ್ರ ಏನು ಕಾಶಿಯೇ ಎಂದು ಹರಿಣಾಕ್ಷಿಯೂ ಅಂದುಕೊಂಡಳು. ಸಂತೋಷದಲ್ಲಿದ್ದವರ ತಲೆ ಹೀಗೇ, ಯಾರ ಎಚ್ಚರಿಕೆಯೂ ನಾಟುವುದಿಲ್ಲ.

ಬಿಸು ಕಳೆದ ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಕಡಬದ ಜೀಪು ಬಂತು. ಹುಡುಗ, ಅವನ ತಾಯಿ, ಇಬ್ಬರು ಮಾವಂದಿರು, ಕೋಲು ಹಿಡಿದ ಅಜ್ಜಿ. ಅತ್ತಿಗೆ ಮೋಹಿನಿ ಹರಿಣಾಕ್ಷಿಗೆ ಹೊಸ ಸೀರೆ ಉಡಿಸಿದ್ದಳು, ನೇರಳೆ ಬಣ್ಣದ್ದು, ಎಲ್ಲೂ ಸವೆಯದ್ದು. ಸುಂದರಿ ಬೆಳಗಿನಿಂದ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ತಲೆನೋವಂತೆ. ಅಕ್ಕನನ್ನು ನೋಡಲು ಬಂದವರ ಕಣ್ಣು ಚೆಂದದ ತಂಗಿಯ ಮೇಲೆ ಬೀಳಬಾರದೆಂದು ಹೀಗೆ ಸಣ್ಣವರು ಮರೆಯಾಗುವುದು ಇದ್ದದ್ದೇ. ಎಷ್ಟು ಒಳ್ಳೆಯ ಮನಸ್ಸು ಇದರದ್ದು ಎಂದು ಹರಿಣಾಕ್ಷಿ ಆ ಮುಚ್ಚಿದ ಬಾಗಿಲನ್ನು ನೋಡಿ ಅಂದುಕೊಂಡಳು.

ಮೋಹಿನಿ ತಟ್ಟೆ ಕೊಟ್ಟಳು. ಹೊಳೆಯುವ ಹಿತ್ತಾಳೆಯ ಚೆಂಬಿನಲ್ಲಿ ನೀರು, ಪಕ್ಕದಲ್ಲಿ ಬೆಲ್ಲದ ತುಂಡುಗಳು. “ಹೆದರ್ಬೇಡ,” ಎಂದು ಪಿಸುಗುಟ್ಟಿದಳು.

ಒಂದು. ಬಲಗಾಲು ಹೋಯಿತು. ಎರಡು. ಎಡತೊಡೆ ಸೊಂಟದಿಂದ ಬೀಸಿತು, ಕೆಳಗಿನ ಕಾಲು ಅದರ ಹಿಂದೆಯೇ ತೂಗಿಕೊಂಡು ಬಂದು ನೆಟ್ಟಗಾಯಿತು, ಹಿಮ್ಮಡಿ ಊರಿತು, ಮೈ ಚೂರು ಬಾಗಿತು, ಬೀಗ ಬಿತ್ತು. ಬಾಗಿದ್ದು ನಾಚಿಕೆಯ ಹಾಗೆ ಕಂಡಿರಬೇಕು. ಹುಡುಗನ ತಾಯಿಯ ಮುಖದಲ್ಲಿ ಮೆಚ್ಚುಗೆ ಮೂಡಿತು. ನಾಲ್ಕು. ಎಡಗೈ ತಟ್ಟೆಯ ಅಂಚನ್ನು ಬಿಟ್ಟು ಓಡಲು ನೋಡಿತು, ಬೆರಳು ಬಿಳುಚುವಷ್ಟು ಒತ್ತಿ ಹಿಡಿದಳು. ಆರು, ಹೊಸ್ತಿಲು ಇದ್ದ ಜಾಗ. ಎಂಟು. ಚೆಂಬಿನ ನೀರು ತುಳುಕಲಿಲ್ಲ. ಅಜ್ಜಿ ಅವಳ ಮುಖದ ಕಡೆಗೆ ನೋಡಲೇ ಇಲ್ಲ. ಕೋಲಿನ ಮೇಲೆ ಗದ್ದ ಊರಿ ಸೀರೆಯ ಅಂಚನ್ನು, ಅದರ ಕೆಳಗೆ ಕಾಣುವ ಪಾದವನ್ನು ನೋಡುತ್ತಿದ್ದರು. ಹತ್ತು. ಹನ್ನೊಂದು. ಹನ್ನೆರಡು. ತಟ್ಟೆ ಅಜ್ಜಿಯ ಎದುರಿನ ಸ್ಟೂಲಿನ ಮೇಲೆ ಕೂತಿತು, ಹರಿಣಾಕ್ಷಿ ಹಿಂದೆ ಇಟ್ಟಿದ್ದ ಗಿಡ್ಡ ಕುರ್ಚಿಯಲ್ಲಿ ಬಲಗಾಲಿನ ಆಧಾರದಿಂದ ಮೆಲ್ಲನೆ ಕೂತಳು.

ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು. ಕಣ್ಣೆತ್ತಿ ಪ್ರೇಮನಾಥನನ್ನು ನೋಡಿದಳು. ಸಾಧಾರಣ ಮುಖ, ತೋರುಬೆರಳಿನಲ್ಲಿ ಶಾಯಿಯ ಕಲೆ, ಬೆಲ್ಲ ತಿನ್ನುವಾಗ ಹುಡುಗನ ಹಾಗೆ ಬೆರಳು ನೆಕ್ಕಿಕೊಂಡ. ಅವಳಿಗೆ ಅವನು ಹಿಡಿಸಿದ. ಆ ಒಂದು ನಿಮಿಷದಲ್ಲಿ ಅವನಿಗೆ ಬಡಿಸಿಯೂ ಆಗಿತ್ತು, ಅವನ ಹತ್ತಿರ ಜಗಳ ಮಾಡಿಯೂ ಆಗಿತ್ತು.

ಅಜ್ಜಿ ನೀರು ಕುಡಿದು ಚೆಂಬು ಇಟ್ಟರು. “ಜನರ ಬಾಯಿಗೆ ಎಂತ ಹೇಳುದು,” ಎಂದರು. “ಈ ಮನೆಯ ದೊಡ್ಡ ಹುಡುಗಿ ಕುಂಟಿ, ಬಳಿಯಲ್ಲೇ ದೋಷ ಉಂಟು ಅಂತ ನಮ್ಮ ಕಿವಿ ತುಂಬಿಸಿದ್ದರು.”

“ನೀವೇ ನೋಡಿದ್ರಲ್ಲ ಅಜ್ಜಿ,” ಎಂದ ಮಹಾಬಲ.

“ನೋಡಿದೆ. ಇನ್ನು ನನಗೆ ಎಂತ ತಕರಾರೂ ಇಲ್ಲ. ಹುಡುಗಿಯನ್ನು ಕರೀರಿ.”

ಮುದುಕಿಗೆ ಕಣ್ಣು ಸರಿ ಕಾಣುವುದಿಲ್ಲವೇನೋ ಎಂದುಕೊಂಡಳು ಹರಿಣಾಕ್ಷಿ. ನಾನು ಇಲ್ಲಿಯೇ ಕೂತಿದ್ದೇನಲ್ಲ ಎಂದು ಹೇಳಲು ಹೊರಟ ಅವಳ ಮುಖದಲ್ಲಿ ನಗು ಇನ್ನೂ ಇತ್ತು. ಒಳಕೋಣೆಯ ಬಾಗಿಲು ತೆರೆಯಿತು. ಅಮ್ಮನ ಪವನಿನ ಚಿನ್ನದ ಸರ ಹಾಕಿಕೊಂಡು, ತಲೆ ತುಂಬ ಮಲ್ಲಿಗೆ ಮುಡಿದುಕೊಂಡು, ಸುಂದರಿ ಮೋಹಿನಿ ಕೊಟ್ಟ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು.

ಆಗ ಹರಿಣಾಕ್ಷಿಗೆ ತಿಳಿಯಿತು. ನಿಧಾನಕ್ಕಲ್ಲ, ಒಂದೇ ಸಲಕ್ಕೆ, ಬ್ಲೇಡು ತಾಗಿದ ಟ್ಯೂಬಿನ ಹಾಗೆ. ಅವರು ಕೇಳಿಕೊಂಡು ಬಂದದ್ದು ಸುಂದರಿಯನ್ನು. ತಾನು ಬರೀ ಸಾಕ್ಷಿ. ಐದು ತಿಂಗಳು ಬಿದ್ದದ್ದು, ತರಚಿದ್ದು, ಹೊಸ್ತಿಲು ಕಿತ್ತದ್ದು, ಎಣ್ಣೆ ತಿಕ್ಕಿದ್ದು, ಎಲ್ಲ ಈ ಮನೆಯಲ್ಲಿ ಕುಂಟಿ ಇಲ್ಲ ಎಂದು ಒಬ್ಬ ಮುದುಕಿಗೆ ತೋರಿಸುವುದಕ್ಕೆ.

ಸುಂದರಿ ತಟ್ಟೆ ಇಟ್ಟು ಒಬ್ಬೊಬ್ಬರ ಕಾಲು ಹಿಡಿದು ನಮಸ್ಕರಿಸಿದಳು. ಅಜ್ಜಿಯದ್ದು, ತಾಯಿಯದ್ದು, ಮಾವಂದಿರದ್ದು. ಅವಳ ಎರಡು ಮೊಣಕಾಲೂ ಒಟ್ಟಿಗೆ ಮಡಚಿದವು, ಒಟ್ಟಿಗೆ ಬಿಚ್ಚಿದವು, ಯಾವ ಪ್ರಯತ್ನವೂ ಇಲ್ಲದೆ, ತೊಡೆಯ ಮುಂದಿನ ಮಾಂಸಖಂಡ ಎಂಬುದೊಂದು ಇದೆ ಎಂದು ಗೊತ್ತಿಲ್ಲದವರ ಹಾಗೆ. ಹರಿಣಾಕ್ಷಿ ಆ ಮೊಣಕಾಲುಗಳನ್ನೇ ನೋಡುತ್ತಾ ಕೂತಳು. ಪ್ರೇಮನಾಥನೂ ಸುಂದರಿಯನ್ನೇ ನೋಡುತ್ತಿದ್ದ.

“ದೊಡ್ಡವಳದ್ದು ಆಗದೆ ಸಣ್ಣವಳದ್ದು ಮಾಡುದಾ?” ಎಂದರು ಹುಡುಗನ ತಾಯಿ.

“ಅವಳಿಗೆ ಮದುವೆಯಲ್ಲಿ ಮನಸ್ಸಿಲ್ಲ,” ಎಂದ ಮಹಾಬಲ, ಒಂದಿಷ್ಟೂ ತಡವರಿಸದೆ. “ಹೊಲಿಗೆ, ದೇವರು, ಅಷ್ಟೇ ಸಾಕಂತೆ. ನಾವು ಹೇಳಿ ಹೇಳಿ ಸೋತೆವು.”

ಎಲ್ಲರೂ ಅವಳ ಕಡೆ ತಿರುಗಿದರು. ಹರಿಣಾಕ್ಷಿ ಸುಂದರಿಯ ಮುಖ ನೋಡಿದಳು. ಸುಂದರಿ ನೆಲ ನೋಡುತ್ತಿದ್ದಳು. ಇಲ್ಲ, ಅದು ಸುಳ್ಳು, ನನಗೆ ಮನಸ್ಸುಂಟು ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎದ್ದು ನಿಲ್ಲಲು ನೋಡಿದ್ದರೂ ಸಾಕಿತ್ತು, ಮಾತೇ ಬೇಡ. ಹರಿಣಾಕ್ಷಿ ತಲೆಯಾಡಿಸಿದಳು. ಹೌದು, ಮನಸ್ಸಿಲ್ಲ.

ಆಮೇಲೆ ಮೂರು ಗಂಟೆ ಹೊತ್ತು ಅವಳು ಅದೇ ಕುರ್ಚಿಯಲ್ಲಿ ಕೂತಿದ್ದಳು. ತೋಳಿಲ್ಲದ ಗಿಡ್ಡ ಕುರ್ಚಿ. ಏಳಬೇಕಾದರೆ ತೊಡೆಗೆ ಕೈ ಬೇಕು, ಕೈ ಇಟ್ಟರೆ ತಂಗಿಯ ಮದುವೆ ಇಲ್ಲ. ಎಲೆ ಹಾಕಿದಾಗ ಅಜ್ಜಿ, “ಆ ಹುಡುಗಿಯೂ ಬರಲಿ,” ಎಂದರು. “ಅವಳಿಗೆ ಇವತ್ತು ಉಪವಾಸ,” ಎಂದಳು ಮೋಹಿನಿ. ಒಳಗಿನಿಂದ ಕೋಳಿ ಗಸಿಯ ಪರಿಮಳ ಬಂತು, ನಗು ಬಂತು. ಬಲಗಾಲು ಜೋಮು ಹಿಡಿಯಿತು. ಬಾಯಾರಿತು, ಎದುರಿಗೇ ಚೆಂಬಿನಲ್ಲಿ ನೀರಿತ್ತು, ಕುಡಿದರೆ ಬಚ್ಚಲಿಗೆ ಹೋಗಬೇಕಾದೀತೆಂದು ಮುಟ್ಟಲಿಲ್ಲ. ಹೋಗುವಾಗ ಅಜ್ಜಿ ಅವಳ ತಲೆ ಸವರಿ, “ದೇವರಲ್ಲಿ ಮನಸ್ಸಿಟ್ಟವಳು, ಎದ್ದು ಬರ್ಬೇಡ ಮಗಾ,” ಎಂದರು. ಎಂಥಾ ಕರುಣೆ.

ಜೀಪಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಮಹಾಬಲ ಓಡಿಕೊಂಡೇ ಒಳಗೆ ಬಂದ. “ಗೆದ್ದೆ ಮಾರಾಯ್ತಿ ನೀನು,” ಎಂದ. “ಮೇ ಇಪ್ಪತ್ತಕ್ಕೆ ಪುತ್ತೂರಿನಲ್ಲಿ ಮದುವೆ. ಎಲ್ಲ ನಿನ್ನ ಕಾಲಿನಿಂದ.”

“ನನ್ನನ್ನು ನೋಡ್ಲಿಕ್ಕೆ ಬರುದು ಅಂತ ತಿಳಿದಿದ್ದೆ ನಾನು,” ಎಂದಳು ಹರಿಣಾಕ್ಷಿ.

ಮಹಾಬಲನ ನಗು ಇಳಿಯಿತು. “ನಾನು ಹಾಗೆ ಹೇಳ್ಲಿಲ್ಲ.”

“ಹೇಳ್ಲಿಲ್ಲ. ನಾನು ಹಾಗೆ ತಿಳಿದಿದ್ದೇನೆ ಅಂತ ನಿನಗೆ ಗೊತ್ತಿತ್ತಾ?”

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ; ಅದೊಂದು ಮರ್ಯಾದೆ ಅವನಲ್ಲಿ ಉಳಿದಿತ್ತು. “ಗೊತ್ತಿತ್ತು,” ಎಂದ. “ನಿಜ ಹೇಳಿದ್ದರೆ ನೀನು ಕಲೀತಿರಲಿಲ್ಲ ಹರಿಣ. ಬೇರೆಯವರ ಮದುವೆಗೆ ಅಂತ ಐದು ತಿಂಗಳು ಯಾರು ಬಿದ್ದು ಎದ್ದು ಮಾಡ್ತಾರೆ?”

“ನಾನು ಮಾಡ್ತಿದ್ದೆ,” ಎಂದಳು ಹರಿಣಾಕ್ಷಿ. “ಸುಂದರಿಗೆ ಅಂತ ಹೇಳಿದ್ದರೆ ಇದಕ್ಕಿಂತ ಹೆಚ್ಚು ಬೀಳ್ತಿದ್ದೆ ಅಣ್ಣ. ಅದನ್ನು ಬೆನ್ನ ಮೇಲೆ ಹೊತ್ತು ಸಾಕಿದ ಹಾಗೆ ಸಾಕಿದ್ದೇನೆ ನಾನು, ಹೊರ್ಲಿಕ್ಕೆ ಆಗದಿದ್ದರೂ. ನೀನು ಒಂದು ಮಾತು ಕೇಳ್ಬೇಕಿತ್ತು. ನನಗೆ ಆಸೆ ಹುಟ್ಟಿಸಿ ನಡೆಸಿದಿಯಲ್ಲ, ಎತ್ತಿಗೆ ಹುಲ್ಲು ತೋರಿಸಿದ ಹಾಗೆ.”

ಮೊದಲ ಮೂರು ಹೆಜ್ಜೆಯ ದಿನ ಮಹಾಬಲ ಅತ್ತದ್ದು ನಿಜವೋ ನಾಟಕವೋ ಎಂದು ಅವಳು ಅವನ ಮುಖದಲ್ಲಿ ಹುಡುಕಿದಳು. ನಿಜವೇ ಇರಬೇಕು. ನಿಜ ಎಂಬುದೇ ಅವಳಿಗೆ ಹೆಚ್ಚು ಸಂಕಟವಾಯಿತು.

ಅಷ್ಟರಲ್ಲಿ ಸುಂದರಿ ಬಂದು ಅವಳ ಕಾಲ ಬುಡದಲ್ಲಿ ಕೂತಳು. ಮಲ್ಲಿಗೆ ಇನ್ನೂ ತಲೆಯಲ್ಲಿತ್ತು. ಜೋಮು ಹಿಡಿದ ಬಲಗಾಲನ್ನು ಮಡಿಲಿಗೆ ಎಳೆದುಕೊಂಡು ಒತ್ತತೊಡಗಿದಳು, ಕಣ್ಣಿನಿಂದ ನೀರು ದಳದಳ ಇಳಿಯುತ್ತಿತ್ತು.

“ನಿನಗೆ ಗೊತ್ತಿತ್ತಾ?”

“ಮೊದಲು ಗೊತ್ತಿರಲಿಲ್ಲ ಅಕ್ಕ. ದೇವರಾಣೆ.”

“ಮತ್ತೆ ಯಾವಾಗ ಗೊತ್ತಾದದ್ದು?”

“ಶಿವರಾತ್ರಿಯ ಹೊತ್ತಿಗೆ. ಹೇಳ್ಬೇಡ ಅಂದ ಅಣ್ಣ.”

ಶಿವರಾತ್ರಿ. ಅಲ್ಲಿಂದ ಈಚೆಗೆ ಎರಡು ತಿಂಗಳು ಹತ್ತಿರ ಹತ್ತಿರ. ಆ ಎರಡು ತಿಂಗಳಲ್ಲಿ ದಿನಾ ಬೆಳಿಗ್ಗೆ ಎಣ್ಣೆ ತಿಕ್ಕುವಾಗ ಹರಿಣಾಕ್ಷಿ ಏನೆಲ್ಲ ಹೇಳಿರಲಿಲ್ಲ. ಕಡಬದ ಮನೆಯಲ್ಲಿ ಮೆಶಿನು ಎಲ್ಲಿಡುವುದು, ಅಜ್ಜಿಯನ್ನು ಹೇಗೆ ಒಲಿಸಿಕೊಳ್ಳುವುದು, ಮಗುವಾದರೆ ಎತ್ತಿಕೊಂಡು ನಡೆಯಲು ಈಗ ಎರಡು ಕೈ ಉಂಟಲ್ಲ ಎಂದು. ಅದನ್ನೆಲ್ಲ ಇವಳು ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡಳು. ನಾಚಿಕೆಯಿಂದ ಹರಿಣಾಕ್ಷಿಯ ಕಿವಿ ಸುಟ್ಟಿತು. ಅಣ್ಣನ ಮೋಸವನ್ನಾದರೂ ತಡೆದುಕೊಂಡೇನು, ಇದನ್ನು ಎಲ್ಲಿಡಲಿ ಎಂದು ಅವಳಿಗೆ ತೋಚಲಿಲ್ಲ. ಆದರೂ ಸುಂದರಿ ಅಳುತ್ತಿದ್ದಳು, ಸುಂದರಿ ಅತ್ತರೆ ಅವಳ ಕೈ ತಾನಾಗಿ ಆ ತಲೆಯ ಮೇಲೆ ಹೋಗುವುದು ಹುಟ್ಟಿನಿಂದ ಬಂದ ಅಭ್ಯಾಸ. ಈಗಲೂ ಹೋಯಿತು.

“ಆಗಲಿ, ಅಳ್ಬೇಡ,” ಎಂದಳು. “ಆದದ್ದು ಆಯಿತು. ನಿನಗೆ ಒಳ್ಳೆ ಮನೆ ಸಿಕ್ಕಿತಲ್ಲ. ಮದುವೆಯ ದಿನ ನಾನು ಎಷ್ಟು ನಡೀಬೇಕು, ಅದನ್ನಾದರೂ ಈಗಲೇ ಸರಿಯಾಗಿ ಹೇಳಿ. ತ್ಯಾಂಪಣ್ಣ ಮಾವನ ಹತ್ತಿರ ನಾಳೆಯಿಂದಲೇ ಹೋಗ್ತೇನೆ.”

ಮಹಾಬಲ ಗೋಡೆಯ ಕಡೆ ನೋಡಿದ. “ಮದುವೆ ಹಾಲಿಗೆ ಹದಿನಾಲ್ಕು ಮೆಟ್ಟಿಲು ಉಂಟು,” ಎಂದ. “ಮೆಟ್ಟಿಲಿಗೆ ಮೂರು ತಿಂಗಳು ಬೇಕು ಅಂತ ಅವನು ಹೇಳಿದ್ದಾನಲ್ಲ.”

“ಹಿಂದಿನ ಬಾಗಿಲಿನಿಂದ ಎತ್ತಿ ಕೂರಿಸಿದರೆ ಆಯಿತು. ಜನ ಬರುವ ಮೊದಲೇ. ನಾನು ಏಳುದಿಲ್ಲ, ಇವತ್ತಿನ ಹಾಗೆ ಕೂತುಬಿಡ್ತೇನೆ.”

ಅಡಿಗೆಮನೆಯಲ್ಲಿ ಮೋಹಿನಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಸುಂದರಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಕ್ಕನ ಕಾಲನ್ನು ಇನ್ನೂ ಮೆತ್ತಗೆ ಒತ್ತುತ್ತಾ, “ಮನೆ ನೋಡಿಕೊಳ್ಳಲಿಕ್ಕೂ ಆ ದಿನ ಒಬ್ಬರು ಬೇಕಲ್ಲ ಅಕ್ಕ,” ಎಂದಳು.

“ಹೌದು, ಅದು ಸರಿ,” ಎಂದ ಮಹಾಬಲ. ಬೆನ್ನಿನ ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ.

ಹರಿಣಾಕ್ಷಿ ಇಬ್ಬರನ್ನೂ ನೋಡಿದಳು. ಅಣ್ಣನನ್ನು, ಆಮೇಲೆ ತಂಗಿಯನ್ನು.

“ಇದನ್ನೂ ಶಿವರಾತ್ರಿಯ ಹೊತ್ತಿಗೇ ಮಾತಾಡಿಕೊಂಡದ್ದಾ?” ಎಂದು ಕೇಳಿದಳು.

ಸುಂದರಿಯ ಕೈ ಅವಳ ಕಾಲಿನ ಮೇಲೆ ನಿಂತುಬಿಟ್ಟಿತು.